ಕಾಲೇಜು ಮುಗೀತು, ಕೆಲ್ಸ ಸಿಕ್ತು: ಕೊಡಗಿಂದ ಹೊರಡೋರಿಗೆ ಮೊದಲ ಆರು ತಿಂಗಳ ದಾರಿ

ಜೂನ್ ಬಂತು ಅಂದ್ರೆ ನಮ್ಮ ಕಡೆ ಎರಡು ಒಟ್ಟಿಗೆ ಶುರುವಾಗುತ್ತೆ, ಒಂದು ಮಳೆ, ಇನ್ನೊಂದು ಫೈನಲ್ ಇಯರ್ ಮುಗಿಸಿದ ಮಕ್ಕಳ ಫೋನು. "ಅಕ್ಕ, ಆಫರ್ ಬಂದಿದೆ, ಬೆಂಗ್ಳೂರಂತೆ, ಏನೇನ್ ರೆಡಿ ಮಾಡ್ಕೋಬೇಕು?" ಅಂತ. ಪ್ರತಿ ವರ್ಷ ನಾಲ್ಕೈದು ಜನಕ್ಕೆ ಫೋನಲ್ಲೇ ಹೇಳ್ತಿದ್ದೆ, ಅರ್ಧದಲ್ಲೇ ನೆಟ್‌ವರ್ಕ್ ಹೋಗಿ ಮಾತು ಕಟ್ಟಾಗಿ ಮತ್ತೆ ಮೊದಲಿಂದ ಹೇಳ್ಬೇಕಾಗ್ತಿತ್ತು, ಅದಕ್ಕೆ ಈ ಸಲ ಬರೆದೇ ಇಡೋಣ ಅನ್ನಿಸ್ತು. ನಾನು ಸೋಮವಾರಪೇಟೆ ಕಡೆಯವಳು, ಬಿಕಾಂ ಮುಗಿಸಿ ಬೆಂಗಳೂರಲ್ಲಿ ಒಂದು ಅಕೌಂಟ್ಸ್ ಆಫೀಸಲ್ಲಿ ನಾಲ್ಕು ವರ್ಷ ಇದ್ದೆ, ಈಗ ಕುಶಾಲನಗರದಲ್ಲಿ ಕೆಲ್ಸ.

ಮೊದಲ ವರ್ಷ ನಾನು ಕಳ್ಕೊಂಡ ದುಡ್ಡು, ನಿದ್ದೆ, ನೆಮ್ಮದಿ ಎಲ್ಲಾ ಲೆಕ್ಕ ಹಾಕಿದ್ರೆ ಮುಕ್ಕಾಲು ಪಾಲು ಕೇಳದೆ ಇದ್ದಿದ್ದಕ್ಕೇ ಹೋಗಿದ್ದು. ಕಾಲೇಜಲ್ಲಿ ಕೇಳೋ ಅಗತ್ಯಾನೇ ಬೀಳಲ್ಲ ನೋಡಿ, ಫೀಸ್ ಕಟ್ಟೋ ಕೊನೇ ದಿನ ನೋಟಿಸ್ ಬೋರ್ಡಲ್ಲಿ ಅಂಟಿಸ್ತಾರೆ, ಇಂಟರ್ನಲ್ಸ್ ಯಾವಾಗ ಅಂತ ಲೆಕ್ಚರರ್ ಮೂರು ಸಲ ಹೇಳ್ತಾರೆ, ಹಾಲ್ ಟಿಕೆಟ್ ತಗೊಂಡ್ರಾ ಅಂತ ಕ್ಲಾಸ್ ಲೀಡರ್ ಗ್ರೂಪಲ್ಲಿ ಕೂಗ್ತಾ ಇರ್ತಾನೆ. ಕೆಲ್ಸಕ್ಕೆ ಸೇರಿದ ದಿನದಿಂದ ಇದನ್ನ ಹೇಳೋರು ಯಾರೂ ಇರಲ್ಲ. ಅದೂ ನಮ್ಮಲ್ಲಿ ದೊಡ್ಡೋರ ಹತ್ರ ಎದುರು ನಿಂತು ಕೇಳೋದೇ ಒಂಥರಾ ಸಂಕೋಚ, ಏನಂದ್ಕೊಳ್ತಾರೋ ಅಂತ ಸುಮ್ನಾಗ್ಬಿಡ್ತೀವಿ. ಹಾಗಾಗಿ ಕೆಳಗೆ ಎಲ್ಲಾ ಹಂತದಲ್ಲೂ ಯಾರನ್ನ ಏನು ಕೇಳ್ಬೇಕು ಅನ್ನೋದನ್ನೇ ಜಾಸ್ತಿ ಬರೆದಿದೀನಿ.

ಮೊದಲ್ನೇ ಹೆಜ್ಜೆ: ರಿಸಲ್ಟ್ ಬರೋ ಮೊದಲೇ ಹೆಸರು ಸರಿ ಮಾಡ್ಕೊಳ್ಳಿ

ಇದನ್ನ ಯಾರೂ ಹೇಳಲ್ಲ, ನಮ್ಮ ಜಿಲ್ಲೆಯವರಿಗಂತೂ ಇದು ದೊಡ್ಡ ತಲೆನೋವು. ನಮ್ಮಲ್ಲಿ ತುಂಬಾ ಜನಕ್ಕೆ ಮನೆ ಹೆಸರು ಇದೆ. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಅದು ಒಂದೋ ಎರಡೋ ಇನಿಶಿಯಲ್ ಆಗಿರುತ್ತೆ, ಆಧಾರ್ ಮಾಡ್ಸೋವಾಗ ಯಾರೋ ಪೂರ್ತಿ ಬಿಡಿಸಿ ಬರೆಸಿರ್ತಾರೆ, ಪ್ಯಾನ್ ಕಾರ್ಡಲ್ಲಿ ಅಪ್ಪನ ಹೆಸರೂ ಸೇರ್ಕೊಂಡಿರುತ್ತೆ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಇನ್ನೊಂದು ಸ್ಪೆಲ್ಲಿಂಗು. ಊರಲ್ಲಿ ಇದ್ರಿಂದ ಏನೂ ತೊಂದ್ರೆ ಇಲ್ಲ, ಬ್ಯಾಂಕಿನವರಿಗೇ ನಮ್ಮ ಮನೆ ಗೊತ್ತಿರುತ್ತೆ. ಆದ್ರೆ ಕೆಲ್ಸಕ್ಕೆ ಸೇರಿದ ಮೇಲೆ ಪಿಎಫ್ (ಸಂಬಳದಲ್ಲಿ ಹಿಡಿದು ಕೂಡಿಡೋ ಭವಿಷ್ಯನಿಧಿ) ಖಾತೆಗೆ ಆಧಾರ್, ಪ್ಯಾನ್, ಬ್ಯಾಂಕ್ ಮೂರೂ ಜೋಡಿಸ್ತಾರೆ, ಆಗ ಒಂದಕ್ಷರ ಆಚೀಚೆ ಆದ್ರೂ ರಿಜೆಕ್ಟ್. ನಂದು ಎಂಟು ತಿಂಗಳು ಹಾಗೇ ಬಿದ್ದಿತ್ತು.

ಹಂಗಾಗಿ ಕೊನೇ ಸೆಮಿಸ್ಟರ್ ಇರೋವಾಗ್ಲೇ ಈ ನಾಲ್ಕನ್ನೂ ಮೇಜಿನ ಮೇಲೆ ಹರಡಿ ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ ನೋಡಿ. ಮಾರ್ಕ್ಸ್ ಕಾರ್ಡ್ ತಿದ್ದಿಸೋದು ಕಷ್ಟ, ಅದನ್ನೇ ಮೂಲ ಅಂತ ಇಟ್ಕೊಂಡು ಉಳಿದ ಮೂರನ್ನ ಅದಕ್ಕೆ ಹೊಂದಿಸಿ. ಆಧಾರಲ್ಲಿ ಹೆಸರನ್ನ ಜೀವಮಾನದಲ್ಲಿ ಎರಡೇ ಸಲ ಬದಲಾಯಿಸೋಕೆ ಆಗೋದು, ಅದಕ್ಕೇ ಅರ್ಜೀಲಿ ಏನು ಬರೀತಿದಾರೆ ಅಂತ ಸ್ಕ್ರೀನ್ ನೋಡ್ಕೊಂಡೇ ಸರಿ ಅನ್ನಿ.

ಇನ್ನೊಂದು ಮುಖ್ಯವಾದ್ದು ಮೊಬೈಲ್ ನಂಬರ್. ನಮ್ಮಲ್ಲಿ ಎಷ್ಟೋ ಮಕ್ಕಳ ಆಧಾರ್‌ಗೆ, ಬ್ಯಾಂಕ್ ಖಾತೆಗೆ ಅಪ್ಪನ ನಂಬರೇ ಜೋಡಿಸಿರುತ್ತೆ, ಸ್ಕಾಲರ್‌ಶಿಪ್‌ಗೆ ಅಂತ ಚಿಕ್ಕೋರಿದ್ದಾಗ ಖಾತೆ ತೆಗ್ಸಿದ್ದು. ನೀವು ಬೆಂಗಳೂರಲ್ಲಿ ಎಚ್ಆರ್ ಎದುರು ಕೂತಿರ್ತೀರಿ, ಒಟಿಪಿ ಅಪ್ಪನ ಫೋನಿಗೆ ಹೋಗುತ್ತೆ, ಅಪ್ಪ ತೋಟದಲ್ಲಿ, ಅಲ್ಲಿ ಸಿಗ್ನಲ್ ಇಲ್ಲ. ಊರು ಬಿಡೋ ಮೊದ್ಲೇ ಬದಲಾಯಿಸ್ಕೊಳ್ಳಿ.

ಎಲ್ಲಾ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್, ಪ್ರೊವಿಷನಲ್ ಸರ್ಟಿಫಿಕೇಟ್, ಟಿಸಿ ಇವನ್ನ ಸ್ಕ್ಯಾನ್ ಮಾಡಿ ನಿಮ್ಮ ಮೇಲ್‌ಗೆ ನೀವೇ ಕಳಿಸ್ಕೊಳ್ಳಿ, ಡಿಜಿಲಾಕರಲ್ಲಿ ಸಿಗೋದನ್ನ ಅಲ್ಲೂ ಇಳಿಸ್ಕೊಳ್ಳಿ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯೋದು ಗೊತ್ತೇ ಇದೆಯಲ್ಲ, ಒರಿಜಿನಲ್‌ಗಳನ್ನ ಪ್ಲಾಸ್ಟಿಕ್ ಫೈಲಲ್ಲಿ ಹಾಕಿ ಗಾಡ್ರೇಜಲ್ಲಿಡಿ.

ಜೂನ್, ಜುಲೈನಲ್ಲಿ ಆಫರ್‌ಗೆ ಕಾಯ್ತಿರೋರು ಎರಡು ದಿನಕ್ಕೊಮ್ಮೆ ಆದ್ರೂ ನೆಟ್‌ವರ್ಕ್ ಇರೋ ಕಡೆ ಹೋಗಿ ಮೇಲ್ ನೋಡಿ. ಮರ ಬಿದ್ದು ಕರೆಂಟು ಹೋಗಿ ಟವರೂ ಹೋಯ್ತು ಅಂದ್ರೆ ಮೂರು ದಿನ ಏನೂ ಗೊತ್ತಾಗಲ್ಲ, ನಲವತ್ತೆಂಟು ಗಂಟೇಲಿ ಉತ್ತರ ಕೊಡಿ ಅಂತ ಬಂದಿರೋ ಮೇಲ್ ಹಾಗೇ ಮುಗಿದುಹೋಗುತ್ತೆ. ಇಂಟರ್‌ವ್ಯೂನಲ್ಲೇ ಹೇಳ್ಬಿಡಿ, "ಸರ್, ನಮ್ಮೂರಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುತ್ತೆ, ಸಿಗದೇ ಇದ್ರೆ ಈ ನಂಬರ್‌ಗೂ ಒಂದು ಫೋನ್ ಮಾಡಿ" ಅಂತ ಕುಶಾಲನಗರದಲ್ಲೋ ಮೈಸೂರಲ್ಲೋ ಇರೋ ನೆಂಟರ ನಂಬರ್ ಕೊಡಿ. ತಪ್ಪು ತಿಳ್ಕೊಳ್ಳಲ್ಲ ಯಾರೂ.

ಎರಡನೇದು: ಆಫರ್ ಲೆಟರ್ ಓದೋದು

ವರ್ಷಕ್ಕೆ ಮೂರು ಲಕ್ಷ ಸಿಟಿಸಿ ಅಂದ ತಕ್ಷಣ ಮನೇಲಿ ಎಲ್ಲರೂ ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 25,000 ಅಂತ ಲೆಕ್ಕ ಹಾಕ್ಬಿಡ್ತಾರೆ, ನಾನೂ ಹಾಕಿದ್ದೆ, ಅಮ್ಮ ಅಷ್ಟರಲ್ಲೇ ಪಕ್ಕದ ಮನೆಗೂ ಹೇಳಿಯಾಗಿತ್ತು. ಸಿಟಿಸಿ ಅಂದ್ರೆ ಕಂಪನಿಗೆ ನಿಮ್ಮ ಮೇಲೆ ಬೀಳೋ ಒಟ್ಟು ಖರ್ಚು, ನಿಮ್ಮ ಕೈಗೆ ಬರೋದಲ್ಲ.

ಒಂದು ಲೆಕ್ಕ ಹಾಕಿ ತೋರಿಸ್ತೀನಿ. 25,000ದಲ್ಲಿ ಬೇಸಿಕ್, ಅಂದ್ರೆ ಮೂಲ ವೇತನ, ಅರ್ಧ, 12,500 ಅಂತ ಇಟ್ಕೊಳ್ಳಿ. ಅದರ ಶೇ. 12, ಅಂದ್ರೆ 1,500 ರೂಪಾಯಿ ಕಂಪನಿ ಪಾಲಿನ ಪಿಎಫ್, ಇದು ಸಿಟಿಸಿ ಒಳಗೇ ಸೇರಿರುತ್ತೆ. ಗ್ರಾಚ್ಯುಯಿಟಿ (ಕೆಲ್ಸ ಬಿಡೋವಾಗ ಸೇವೆಗೆ ಅಂತ ಕೊಡೋ ದುಡ್ಡು) ಅಂತ ಬೇಸಿಕ್‌ನ ಶೇ. 4.81, ಸುಮಾರು 601 ರೂಪಾಯಿ, ಅದೂ ಒಳಗೇ. ಇವೆರಡು ಹೋಗಿ ಗ್ರಾಸ್, ಅಂದ್ರೆ ನಿಮ್ಮ ಕಡಿತಕ್ಕೆ ಮುಂಚಿನ ಸಂಬಳ, 22,899. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ಇನ್ನೊಂದು 1,500 ಹಿಡಿದ್ರೆ ಕೈಗೆ ಬರೋದು 21,399. ಇನ್ಶೂರೆನ್ಸ್ ಅಂತ ಕಂಪನಿ ಏನಾದ್ರೂ ಹಿಡಿದ್ರೆ ಇನ್ನೂ ಕಮ್ಮಿ. ಪ್ರೊಫೆಷನಲ್ ಟ್ಯಾಕ್ಸು ಕರ್ನಾಟಕದಲ್ಲಿ ತಿಂಗಳಿಗೆ 25,000 ಮತ್ತೆ ಅದಕ್ಕಿಂತ ಜಾಸ್ತಿ ಸಂಬಳಕ್ಕೆ ಮಾತ್ರ, 200 ರೂಪಾಯಿ (ಫೆಬ್ರವರೀಲಿ 300), ಇಲ್ಲಿ ಅದು ಬರಲ್ಲ. ಸಂಬಳ 21,000ದೊಳಗೆ ಇರೋರಿಗೆ ಇಎಸ್ಐ, ಅಂದ್ರೆ ಸರ್ಕಾರದ ಆರೋಗ್ಯ ವಿಮೆ, ಇರುತ್ತೆ, ನಿಮ್ಮಿಂದ ಶೇ. 0.75 ಅಷ್ಟೇ ಹಿಡಿಯೋದು, ಅದಕ್ಕೆ ಬೇಜಾರ್ ಮಾಡ್ಕೋಬೇಡಿ, ಅದರಲ್ಲಿ ಅಪ್ಪ ಅಮ್ಮ ನಿಮ್ಮ ಮೇಲೆ ಅವಲಂಬಿಸಿದ್ರೆ ಅವರಿಗೂ ಚಿಕಿತ್ಸೆ ಸಿಗುತ್ತೆ.

ಇಷ್ಟೆಲ್ಲಾ ನೀವೇ ಕೂತು ಲೆಕ್ಕ ಹಾಕ್ಬೇಕಾಗಿಲ್ಲ, ಎಚ್ಆರ್‌ಗೆ ಒಂದೇ ಸಾಲಿನ ಮೇಲ್ ಹಾಕಿ, "ಎಲ್ಲಾ ಕಡಿತ ಆಗಿ ತಿಂಗಳಿಗೆ ನನ್ನ ಖಾತೆಗೆ ಬೀಳೋದು ಎಷ್ಟು, ಬ್ರೇಕಪ್ ಕಳಿಸಿ" ಅಂತ. ಜತೇಲೇ ಇನ್ನೂ ಮೂರು ಕೇಳಿ: ಪ್ರೊಬೇಷನ್ (ಕೆಲ್ಸ ಖಾಯಂ ಆಗೋ ಮುಂಚಿನ ಪರೀಕ್ಷಾ ಅವಧಿ) ಎಷ್ಟು ತಿಂಗಳು, ನೋಟಿಸ್ ಪೀರಿಯಡ್ (ಬಿಡೋ ಮುಂಚೆ ಹೇಳಿ ಕೆಲ್ಸ ಮಾಡ್ಬೇಕಾದ ದಿನ) ಎಷ್ಟು ದಿನ, ಬಾಂಡ್ (ಇಷ್ಟು ವರ್ಷದೊಳಗೆ ಬಿಟ್ರೆ ದುಡ್ಡು ಕಟ್ಬೇಕು ಅನ್ನೋ ಒಪ್ಪಂದ) ಇದೆಯಾ ಇದ್ರೆ ಎಷ್ಟು ದುಡ್ಡು ಎಷ್ಟು ವರ್ಷಕ್ಕೆ. ಉತ್ತರ ಬರಹದಲ್ಲೇ ಬರ್ಲಿ, ಫೋನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರಲ್ಲ.

ಕೆಲ್ಸ ಕೊಡಿಸ್ತೀವಿ, ಟ್ರೈನಿಂಗ್ ಫೀಸು, ಲ್ಯಾಪ್‌ಟಾಪ್ ಡಿಪಾಸಿಟ್ಟು ಅಂತ ದುಡ್ಡು ಕೇಳಿದ್ರೆ ಅಲ್ಲಿಗೇ ಬಿಟ್ಬಿಡಿ. ನನ್ನ ಜತೆ ಓದಿದವಳು ಒಬ್ಬಳು ಒಂದು ಕನ್ಸಲ್ಟೆನ್ಸಿಗೆ 15,000 ಕಟ್ಟಿದ್ಲು, ಕರಿಮೆಣಸು ಮಾರಿದ ದುಡ್ಡು ಅದು, ಕಟ್ಟಿದ ಮೇಲೆ ಅವರು ಫೋನೇ ಎತ್ತಲಿಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಮ್ಮ ಹತ್ರ ಇಟ್ಕೋತೀವಿ ಅಂದ್ರೂ ಒಪ್ಕೋಬೇಡಿ, ತೋರಿಸಿ ವಾಪಸ್ ತಗೊಳ್ಳಿ.

ಯುವನಿಧಿ ದುಡ್ಡು ಬರ್ತಿರೋರು ಕೆಲ್ಸ ಸಿಕ್ಕಿದ ಮೇಲೆ ಅದನ್ನ ತಗೊಳ್ಳೋ ಹಾಗಿಲ್ಲ, ನಿಲ್ಲಿಸೋಕೆ ತಿಳಿಸ್ಬಿಡಿ.

ಮೂರನೇದು: ಬಸ್ಸು, ಪಿಜಿ, ನಲವತ್ತೈದು ದಿನದ ದುಡ್ಡು

ನಮ್ಮ ಜಿಲ್ಲೇಲಿ ರೈಲಿಲ್ಲ, ಹಾಗಾಗಿ ಎಲ್ಲಾ ಬಸ್ಸಿನ ಮೇಲೇ. ಮಡಿಕೇರಿ, ಕುಶಾಲನಗರದಿಂದ ಹೋಗೋ ಬಸ್ಸು ಮೈಸೂರು ರಸ್ತೆ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿಸುತ್ತೆ, ಹತ್ರದಲ್ಲೇ ನೇರಳೆ ಮಾರ್ಗದ ಮೆಟ್ರೋ ಸಿಗುತ್ತೆ, ಅದು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಇದೆ. ಆಫೀಸು ಆ ಮಾರ್ಗದಲ್ಲಿದ್ರೆ ಪಿಜಿನೂ ಆ ಮಾರ್ಗದಲ್ಲೇ ಹುಡುಕಿ, ನಕ್ಷೆಯಲ್ಲಿ ಆರು ಕಿಲೋಮೀಟರ್ ಅಂತ ತೋರಿಸಿದ್ದು ಸಾಯಂಕಾಲ ಬಸ್ಸಲ್ಲಿ ಒಂದೂವರೆ ಗಂಟೆ ಆಗೋದು ಅಲ್ಲಿ ಮಾಮೂಲಿ. ಹುಡುಗೀರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೇಲಿ ಸಾಮಾನ್ಯ ಸಾರಿಗೆ ಬಸ್ಸು ಫ್ರೀ, ರಾಜಹಂಸ, ಐರಾವತಕ್ಕೆ ಇಲ್ಲ. ತಿಂಗಳಿಗೊಂದು ಸಲ ಮನೆಗೆ ಬಂದು ಹೋಗೋ ಖರ್ಚು ಅಷ್ಟು ಉಳೀತು ಅಂತ ಲೆಕ್ಕ.

ದುಡ್ಡಿನ ವಿಷ್ಯ ಗಟ್ಟಿಯಾಗಿ ಹೇಳ್ತೀನಿ. ಸೇರಿದ ತಿಂಗಳೇ ಸಂಬಳ ಬರುತ್ತೆ ಅಂತ ನಂಬಬೇಡಿ. ಎಷ್ಟೋ ಕಡೆ ಇಪ್ಪತ್ತನೇ ತಾರೀಕಿನ ಹೊತ್ತಿಗೆ ಸಂಬಳದ ಪಟ್ಟಿ ಮುಚ್ಚಿಬಿಡ್ತಾರೆ, ಅದಾದ್ಮೇಲೆ ಸೇರಿದ್ರೆ ಮುಂದಿನ ತಿಂಗಳ ಕೊನೆಗೇ. ಅದಕ್ಕೆ ಕಮ್ಮಿ ಅಂದ್ರೂ ನಲವತ್ತೈದು ದಿನ ಬದುಕೋಕೆ ಬೇಕಾದ ದುಡ್ಡು ಕೈಯಲ್ಲಿರ್ಲಿ, ಪಿಜಿ ಅಡ್ವಾನ್ಸು, ಮೊದಲ ತಿಂಗಳ ಬಾಡಿಗೆ, ಓಡಾಟ, ಮಧ್ಯಾಹ್ನದ ಊಟ, ಎರಡು ಜತೆ ಬಟ್ಟೆ. ನಾನು ಮೂವರ ಶೇರಿಂಗಲ್ಲಿ 7,500 ಕೊಡ್ತಿದ್ದೆ, ಒಟ್ಟು 25,000 ತಗೊಂಡು ಹೋಗಿದ್ದು ಸಂಬಳ ಬರೋ ಹಿಂದಿನ ವಾರ ಮುಗೀತು. ಮನೇಲಿ ಕೇಳೋಕೆ ನಾಚಿಕೆ ಆಗಿ ಎಂಟು ದಿನ ರಾತ್ರಿ ಪಿಜಿ ಊಟ ಮಾತ್ರ ಮಾಡ್ಕೊಂಡು ಹಗಲು ಬಾಳೆಹಣ್ಣು ತಿಂದ್ಕೊಂಡಿದ್ದೆ, ಅಪ್ಪಂಗೆ ಮುಂಚೇನೇ "ಸೇರಿ ಎರಡು ತಿಂಗಳವರೆಗೂ ಬೇಕಾಗ್ಬೋದು" ಅಂದಿದ್ರೆ ಅವರು ಖಂಡಿತ ಏನಾದ್ರೂ ಮಾಡ್ತಿದ್ರು.

ಪಿಜಿಯಲ್ಲಿ ಅಡ್ವಾನ್ಸ್ ಕೊಡೋ ಮುಂಚೆ ಕೇಳ್ಬೇಕಾದ್ದು: ಬಿಡೋವಾಗ ಎಷ್ಟು ಹಿಡೀತೀರಿ, ಎಷ್ಟು ದಿನ ಮುಂಚೆ ಹೇಳ್ಬೇಕು, ರಾತ್ರಿ ಎಷ್ಟೊತ್ತಿಗೆ ಗೇಟ್ ಹಾಕ್ತೀರಿ, ಬಿಸಿನೀರು ಯಾವ ಹೊತ್ತಲ್ಲಿ. ಇದನ್ನೂ ಬಾಯ್ಮಾತಿಗೆ ಬಿಡದೆ ಅಲ್ಲೇ ನಿಂತು ಅವರಿಗೊಂದು ವಾಟ್ಸಾಪ್ ಕಳಿಸಿ, "ನೀವು ಹೇಳಿದ ಹಾಗೆ ಅಡ್ವಾನ್ಸ್ ಇಷ್ಟು, ಬಿಡೋವಾಗ ಇಷ್ಟು ಹಿಡಿಯೋದು" ಅಂತ, ಅವರು ಸರಿ ಅಂತ ಹಾಕಿದ್ರೆ ಸಾಕು. ನಂಗೆ ಬಿಡೋವಾಗ ಪೇಂಟಿಂಗು ಅಂತ ಇಡೀ ಅಡ್ವಾನ್ಸೇ ಹಿಡಿದ್ರು, ತೋರಿಸೋಕೆ ನನ್ನ ಹತ್ರ ಏನೂ ಇರ್ಲಿಲ್ಲ. ರೂಮು ನೋಡೋಕೆ ಹೋದಾಗ ಅಲ್ಲಿರೋ ಹುಡುಗೀರನ್ನ ಇಲ್ಲಾ ಹುಡುಗರನ್ನ ಪಕ್ಕಕ್ಕೆ ಕರೆದು ಊಟ ಹೇಗಿದೆ ಅಂತ ಕೇಳಿ, ಓನರ್ ಹೇಳೋದಕ್ಕಿಂತ ಅದು ನಿಜ.

ನಾಲ್ಕನೇದು: ಮೊದಲ ತಿಂಗಳು ಆಫೀಸಲ್ಲಿ

ಮೊದಲ ವಾರ ಒಂದು ಚಿಕ್ಕ ನೋಟ್‌ಬುಕ್ ಇಟ್ಕೊಳ್ಳಿ, ಫೋನಲ್ಲಿ ಬರ್ಕೊಂಡ್ರೆ ಚಾಟ್ ಮಾಡ್ತಿದಾರೆ ಅಂದ್ಕೋತಾರೆ. ಯಾರ ಹೆಸರೇನು, ಯಾರು ಏನು ನೋಡ್ಕೋತಾರೆ, ರಜಾ ಯಾರ ಹತ್ರ ಕೇಳ್ಬೇಕು, ಕಂಪ್ಯೂಟರ್ ಕೆಟ್ರೆ ಯಾರು, ಎಲ್ಲಾ ಬರ್ಕೊಳ್ಳಿ. ಸೆಕ್ಯೂರಿಟಿ ಅಣ್ಣ, ಕಾಫಿ ತರೋ ಅಕ್ಕ ಇವರ ಹೆಸರೂ ಬರ್ಕೊಳ್ಳಿ. ಅವರೇ ಮೊದಲ ತಿಂಗಳು ನಮಗೆ ಜಾಸ್ತಿ ಸಹಾಯ ಮಾಡೋದು.

ಯಾರಾದ್ರೂ ಕೆಲ್ಸ ಹೇಳಿದಾಗ ತಲೆ ಆಡಿಸಿ ಬಂದು ಕೂರಬೇಡಿ. ಮೂರು ವಿಷ್ಯ ಅಲ್ಲೇ ಕೇಳಿ. ಇದು ಯಾವಾಗ ಬೇಕು, ಯಾವ ರೂಪದಲ್ಲಿ ಬೇಕು, ಹಿಂದಿನ ತಿಂಗಳದ್ದು ಒಂದು ಮಾಡಿರೋದು ಇದೆಯಾ ನೋಡೋಕೆ. ಮೂರನೇದು ಕೇಳಿದ್ರೆ ಅರ್ಧ ಕೆಲ್ಸ ಮುಗಿದ ಹಾಗೆ. ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡ್ರೆ ಇಪ್ಪತ್ತು ನಿಮಿಷ ನೀವೇ ಪ್ರಯತ್ನ ಪಡಿ, ಆಗ್ಲಿಲ್ಲ ಅಂದ್ರೆ ಎದ್ದು ಹೋಗಿ, ಬರೀ "ಬರ್ತಾ ಇಲ್ಲ" ಅನ್ನೋ ಬದ್ಲು "ಹೀಗೆ ಮಾಡ್ದೆ, ಹೀಗೂ ಮಾಡಿ ನೋಡ್ದೆ, ಇಲ್ಲಿ ನಿಂತುಹೋಯ್ತು" ಅನ್ನಿ. ಹೊಸಬರು ಕೇಳಿದ್ರೆ ಯಾರೂ ಬೇಜಾರ್ ಮಾಡ್ಕೊಳ್ಳಲ್ಲ, ಅದೇ ಪ್ರಶ್ನೆ ಒಂದು ವರ್ಷ ಆದ್ಮೇಲೆ ಕೇಳಿದ್ರೆ ಮುಖ ನೋಡ್ತಾರೆ. ಹಾಗಾಗಿ ಮೊದಲ ಮೂರು ತಿಂಗಳಲ್ಲೇ ಎಲ್ಲಾ ಕೇಳಿ ಮುಗಿಸ್ಬಿಡಿ.

ತಪ್ಪಾದ್ರೆ ಅವತ್ತೇ ಹೇಳಿ. ನಂದೇ ಒಂದು ಹೇಳ್ತೀನಿ. ಸೇರಿ ಎರಡನೇ ತಿಂಗಳು, ಖರೀದಿ ಬಿಲ್ಲುಗಳನ್ನ ಎಂಟ್ರಿ ಮಾಡೋದು ನನ್ನ ಕೆಲ್ಸ. ಒಂದು ಬಿಲ್ಲು 18,400 ಇದ್ದಿದ್ದನ್ನ 14,800 ಅಂತ ಹೊಡೆದಿದ್ದೆ. ಸಂಜೆ ಟೋಟಲ್ ತಾಳೆ ಆಗ್ಲಿಲ್ಲ, 3,600 ವ್ಯತ್ಯಾಸ ಬರ್ತಿತ್ತು. ಎಲ್ಲಿ ಅಂತ ಹುಡುಕಿದೆ, ಸಿಗ್ಲಿಲ್ಲ, ಹೇಳೋಕೆ ಭಯ, ನಾಳೆ ನೋಡೋಣ ಅಂತ ಫೈಲ್ ಮುಚ್ಚಿದೆ. ಮಾರನೇ ದಿನಾನೂ ಹಾಗೇ. ನಾಲ್ಕನೇ ದಿನ ಹತ್ತೊಂಬತ್ತನೇ ತಾರೀಕು, ಇಪ್ಪತ್ತಕ್ಕೆ ಜಿಎಸ್‌ಟಿ 3ಬಿ ರಿಟರ್ನ್ ಹಾಕೋ ಕೊನೇ ದಿನ. ಸಾಯಂಕಾಲ ಆರೂವರೆಗೆ ನಮ್ಮ ಸೀನಿಯರ್ ಅಕ್ಕಂಗೆ ಹೋಗಿ ಹೇಳಿದೆ, ಅಷ್ಟೊತ್ತಿಗೆ ಕಣ್ಣಲ್ಲಿ ನೀರು ಬಂದಿತ್ತು. ಅವರು ಬ್ಯಾಗ್ ಹೆಗಲಿಗೆ ಹಾಕ್ಕೊಂಡಿದ್ದವರು ಕೆಳಗಿಟ್ಟು, 3,600 ಅಂತ ಒಂದು ಚೀಟೀಲಿ ಬರೆದು ಒಂಬತ್ತರಿಂದ ಭಾಗಿಸಿದ್ರು, 400 ಬಂತು. "ವ್ಯತ್ಯಾಸ ಒಂಬತ್ತರಿಂದ ಶೇಷ ಇಲ್ದೆ ಭಾಗ ಆಯ್ತು ಅಂದ್ರೆ ಮೊದ್ಲು ಅಂಕಿ ಅದಲು ಬದಲಾಗಿರೋದನ್ನ ಹುಡುಕು ಪುಟ್ಟ" ಅಂದ್ರು. ಕೂತು ಬಿಲ್ಲುಗಳನ್ನ ಒಂದೊಂದೇ ತಿರುವಿದ್ವಿ, ಏಳು ಗಂಟೆಗೆ ಸಿಕ್ತು. ಆಮೇಲೆ ಅದನ್ನ ನಂಬಿ ಮಾಡಿದ್ದ ಬೇರೆ ಲೆಕ್ಕ ಎಲ್ಲಾ ಸರಿ ಮಾಡಿ ಮುಗಿಸೋವಾಗ ರಾತ್ರಿ ಹತ್ತಾಗಿತ್ತು. ಅವರು ಬೈಯ್ಲಿಲ್ಲ, ಬಸ್ ಸ್ಟಾಪ್‌ವರೆಗೂ ಜತೆಗೆ ಬಂದು ಒಂದೇ ಮಾತು ಹೇಳಿದ್ದು, ಮೊದಲ ದಿನವೇ ಬಂದಿದ್ರೆ ಹತ್ತು ನಿಮಿಷದ ಕೆಲ್ಸ ಇತ್ತಲ್ಲ ಅಂತ. ಅವರ ಆ ರಾತ್ರಿ ನಾನು ತಿಂದೆ ಅನ್ನೋದು ನಂಗೆ ಇವತ್ತಿಗೂ ಚುಚ್ಚುತ್ತೆ.

ಕನ್ನಡ ಮೀಡಿಯಂನಿಂದ ಬಂದೋರಿಗೆ ಇಂಗ್ಲಿಷ್ ಭಯ ಇರುತ್ತೆ, ನಂಗೂ ಇತ್ತು. ಮೀಟಿಂಗಲ್ಲಿ ಹೇಳ್ಬೇಕಾದ ಎರಡು ಸಾಲು ಮುಂಚೇನೇ ಬರ್ಕೊಂಡು ಹೋಗಿ, ಓದಿಯೇ ಹೇಳಿ, ಪರ್ವಾಗಿಲ್ಲ. ಬೇರೆಯವರು ಕಳಿಸೋ ಒಳ್ಳೇ ಮೇಲ್‌ಗಳನ್ನ ಒಂದು ಫೋಲ್ಡರಲ್ಲಿ ಹಾಕಿಡಿ, ಅದೇ ಧಾಟೀಲಿ ನಿಮ್ದು ಬರೀರಿ. ನಾಲ್ಕು ತಿಂಗಳಲ್ಲಿ ಕೈ ಕೂರುತ್ತೆ.

ಐದನೇದು: ಸಂಬಳ ಬಂದ ದಿನ

ಇಲ್ಲಿ ನಮ್ಮ ಕೊಡಗಿನ ಮನೆಗಳ ಒಂದು ವಿಷ್ಯ ಹೇಳ್ಬೇಕು. ನಮ್ಮ ಮನೇಲಿ ದುಡ್ಡು ಅಂದ್ರೆ ವರ್ಷದ ದುಡ್ಡು. ಅರೇಬಿಕಾ ನವೆಂಬರ್‌ನಿಂದ ಕುಯ್ಲು, ರೊಬಸ್ಟಾ ಜನವರಿಯಿಂದ, ಕಾಫಿ ಮಾರಿದಾಗ ಒಂದೇ ಸಲ ದೊಡ್ಡ ಮೊತ್ತ ಬರುತ್ತೆ, ಸೊಸೈಟಿ ಸಾಲ ಕಟ್ಟಿ, ಅಂಗಡಿ ಲೆಕ್ಕ ಚುಕ್ತಾ ಮಾಡಿ, ಉಳಿದಿದ್ದರಲ್ಲಿ ಮುಂದಿನ ಕಾಫಿವರೆಗೂ ಸಂಸಾರ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬರ್ಲಿಲ್ಲ ಅಂದ್ರೆ ಮುಂದಿನ ವರ್ಷದ ಲೆಕ್ಕವೇ ಬೇರೆ. ಇಂಥ ಮನೇಲಿ ಬೆಳೆದ ನಮಗೆ ಪ್ರತಿ ತಿಂಗಳು ದುಡ್ಡು ಬರೋದು ಅನ್ನೋದು ಅಭ್ಯಾಸವೇ ಇಲ್ಲ, ಖಾಲಿಯಾದ್ರೂ ಮೂವತ್ತು ದಿನಕ್ಕೆ ಮತ್ತೆ ಬರುತ್ತಲ್ಲ ಅನ್ನೋ ಧೈರ್ಯದಲ್ಲಿ ಕೈ ಸಡಿಲ ಆಗಿಬಿಡುತ್ತೆ. ಅಪ್ಪ ಅಮ್ಮ ವರ್ಷದ ದುಡ್ಡನ್ನ ಹಂಚೋ ರೀತಿ ನೆನಪು ಮಾಡ್ಕೊಳ್ಳಿ, ದುಡ್ಡು ಬಂದ ದಿನವೇ ಯಾವ್ದು ಯಾವ್ದಕ್ಕೆ ಅಂತ ಬೇರೆ ಮಾಡ್ತಾರೆ. ನೀವೂ ಸಂಬಳ ಬಿದ್ದ ದಿನವೇ ಬಾಡಿಗೆ, ಮನೆಗೆ ಕಳಿಸೋದು, ಉಳಿತಾಯ ಈ ಮೂರನ್ನ ತೆಗೆದುಬಿಡಿ, ಉಳಿದಿದ್ದು ಖರ್ಚಿಗೆ. ಉಳಿತಾಯಕ್ಕೆ ಬೇರೆ ಬ್ಯಾಂಕಲ್ಲಿ ಆರ್‌ಡಿ ಮಾಡಿ, ಎರಡು ಸಾವಿರ ಆದ್ರೂ ಸರಿ, ಆ ಖಾತೆಗೆ ಯುಪಿಐ ಜೋಡಿಸ್ಬೇಡಿ.

ಮನೆಗೆ ಎಷ್ಟು ಕಳಿಸ್ಬೇಕು ಅನ್ನೋದನ್ನ ನೀವೇ ಊಹೆ ಮಾಡ್ಕೋಬೇಡಿ. ಕೂತು ಮಾತಾಡಿ. ನಾನು ಮೊದಲ ಆರು ತಿಂಗಳು ತಿಂಗಳಿಗೆ ಎಂಟು ಸಾವಿರ ಕಳಿಸಿ ಆಮೇಲೆ ಫ್ರೆಂಡ್ಸ್ ಹತ್ರ ಸಾಲ ಮಾಡ್ತಿದ್ದೆ, ಒಂದಿನ ಅಮ್ಮ ಪಾಸ್‌ಬುಕ್ ತೋರಿಸಿ ಅದನ್ನ ಮುಟ್ಟೇ ಇಲ್ಲ, ನಿನ್ನ ಹೆಸರಲ್ಲೇ ಇಟ್ಟಿದೀನಿ ಅಂದ್ರು. ಕೆಲವು ಮನೇಲಿ ನಿಜವಾಗ್ಲೂ ಬೇಕಾಗಿರುತ್ತೆ, ಅಪ್ಪನ ಔಷಧಿ ಇರುತ್ತೆ, ತಮ್ಮನ ಫೀಸ್ ಇರುತ್ತೆ, ಅಲ್ಲಿ ಮುಖ ನೋಡ್ಕೊಂಡೇ ಒಂದು ಮೊತ್ತ ಗಟ್ಟಿ ಮಾಡ್ಕೊಳ್ಳಿ, ಯಾವ ತಾರೀಕು ಅನ್ನೋದೂ ಸೇರಿ. ಎಜುಕೇಷನ್ ಲೋನ್ ಇರೋರು ಬ್ಯಾಂಕಿಗೆ ಹೋಗಿ ಕಂತು ಯಾವ ತಿಂಗಳಿಂದ ಅಂತ ಕೇಳಿ, ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷ ಬಿಡುವು ಕೊಡ್ತಾರೆ ಆದ್ರೆ ಬಡ್ಡಿ ಆ ವರ್ಷಾನೂ ಓಡ್ತಾನೇ ಇರುತ್ತೆ, ಬರೀ ಬಡ್ಡಿ ಕಟ್ತಾ ಬಂದ್ರೂ ಎಷ್ಟೋ ಹಗುರ.

ಕ್ರೆಡಿಟ್ ಕಾರ್ಡು, ಇಎಂಐ ಫೋನು ಮೊದಲ ಆರು ತಿಂಗಳು ಬೇಡ. ಇದರ ಬಗ್ಗೆ ಜಾಸ್ತಿ ಹೇಳೋದಿಲ್ಲ.

ಆರನೇದು: ರಜಾ, ಹಬ್ಬ, ಮನೆ

ಇದು ನಮಗೆ ಮಾತ್ರ ಗೊತ್ತಿರೋ ಸಂಕಟ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತ, ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣ, ಆಮೇಲೆ ಹುತ್ತರಿ, ಇವೆಲ್ಲಾ ಸರ್ಕಾರದ ಪಟ್ಟೀಲಿ ಕೊಡಗು ಜಿಲ್ಲೆಗೆ ಮಾತ್ರ ಸ್ಥಳೀಯ ರಜಾ. ಹುಟ್ಟಿದಾಗಿಂದ ಆ ದಿನ ಶಾಲೆ ಕಾಲೇಜು ಮುಚ್ಚಿರೋದನ್ನೇ ನೋಡಿದೀವಿ, ಬೆಂಗಳೂರಲ್ಲಿ ಅವತ್ತು ಮಾಮೂಲಿ ಬುಧವಾರ. ನಿಮ್ಮ ಮ್ಯಾನೇಜರ್‌ಗೆ ಆ ಹಬ್ಬದ ಹೆಸರೇ ಗೊತ್ತಿರಲ್ಲ. ಸೇರಿದ ಮೊದಲ ತಿಂಗಳೇ ಎಚ್ಆರ್ ಹತ್ರ ಆಫೀಸಿನ ರಜಾ ಪಟ್ಟಿ ತಗೊಂಡು, ಪ್ರೊಬೇಷನ್‌ನಲ್ಲಿ ಎಷ್ಟು ರಜಾ ಇದೆ ಅಂತ ಕೇಳಿ, ನಮ್ಮ ಹಬ್ಬದ ದಿನಗಳನ್ನ ಮುಂಚೇನೇ ತಿಳಿಸಿ. ಹುತ್ತರಿಯ ದಿನ, ಮುಹೂರ್ತ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯ ಆಗೋದು, ಅದಕ್ಕೆ "ನವೆಂಬರ್ ಕೊನೆ ಇಲ್ಲಾ ಡಿಸೆಂಬರ್‌ನಲ್ಲಿ ಎರಡು ದಿನ ಬೇಕಾಗುತ್ತೆ, ದಿನ ಗೊತ್ತಾದ ತಕ್ಷಣ ಹೇಳ್ತೀನಿ" ಅಂತ ಒಂದು ಮೇಲ್ ಹಾಕಿಟ್ರೆ ಯಾರೂ ಇಲ್ಲ ಅನ್ನಲ್ಲ. ನಾನು ಮೊದಲ ವರ್ಷ ಹಿಂದಿನ ದಿನ ಕೇಳಿ ಇಲ್ಲ ಅನ್ನಿಸ್ಕೊಂಡೆ, ಹುತ್ತರಿ ರಾತ್ರಿ ಕದಿರು ತೆಗೆಯೋದನ್ನ ತಮ್ಮ ವಿಡಿಯೋ ಕಾಲಲ್ಲಿ ತೋರಿಸ್ತಿದ್ದ, ಗದ್ದೇಲಿ ಸಿಗ್ನಲ್ ಇಲ್ದೆ ಕೋವಿ ಶಬ್ದ ಅಷ್ಟೇ ಕೇಳಿಸ್ತು, ಚಿತ್ರ ನಿಂತುಹೋಗಿತ್ತು.

ರಜಾ ಎಲ್ಲಾ ಮಳೆಗಾಲದ ಜ್ವರಕ್ಕೆ ಮುಗಿಸ್ಬೇಡಿ, ಹಬ್ಬಕ್ಕೆ ಮೂರ್ನಾಲ್ಕು ಉಳಿಸಿಟ್ಕೊಳ್ಳಿ. ಭಾನುವಾರ ರಾತ್ರಿ ಬಸ್ಸಲ್ಲಿ ಹೊರಟು ಸೋಮವಾರ ಬೆಳಗ್ಗೆ ನೇರ ಆಫೀಸಿಗೆ ಹೋಗೋದು ಒಂದೆರಡು ಸಲ ಆಗುತ್ತೆ, ಪ್ರತಿ ವಾರ ಮಾಡಿದ್ರೆ ಮೈ ಕೇಳಲ್ಲ. ತಿಂಗಳಿಗೆ ಒಂದು ಸಲ ಬನ್ನಿ, ಶನಿವಾರ ಬೆಳಗ್ಗೆ ಬಂದು ಭಾನುವಾರ ಮಧ್ಯಾಹ್ನ ಹೊರಟ್ರೆ ಸೋಮವಾರ ಹಾಳಾಗಲ್ಲ.

ಏಳನೇದು: ಮೈ, ಮನಸ್ಸು

ಮೊದಲ ಮೂರು ತಿಂಗಳು ಬೇಜಾರಾಗುತ್ತೆ. ಕಾಲೇಜಲ್ಲಿ ಇಡೀ ದಿನ ಗುಂಪಲ್ಲಿದ್ದು ಇಲ್ಲಿ ಇಡೀ ದಿನ ಯಾರೂ ನಿಮ್ಮ ಹೆಸರು ಹಿಡಿದು ಮಾತಾಡಿಸದೆ ಕಳೆಯೋದು ಇರುತ್ತೆ, ಎದ್ರೆ ಮಂಜಿಲ್ಲ, ಹಕ್ಕಿ ಇಲ್ಲ, ನಮಗಿಂತ ಮುಂಚೆ ರಸ್ತೇಲಿ ಹಾರ್ನು ಏಳುತ್ತೆ. ವಾರಕ್ಕೊಂದು ದಿನ ಊರಿನ ಯಾರನ್ನಾದ್ರೂ ಭೇಟಿ ಮಾಡೋದನ್ನ ಗಟ್ಟಿ ಮಾಡ್ಕೊಳ್ಳಿ. ಭಾನುವಾರ ಪಿಜಿಯಲ್ಲಿ ಅಡುಗೆ ಮಾಡ್ಕೊಳ್ಳೋಕೆ ಬಿಡ್ತಾರಾ ಕೇಳಿ, ನಾವು ಮೂವರು ಸೇರಿ ತರಿ ಅಕ್ಕಿ ತಂದಿಟ್ಕೊಂಡು ಕಡುಬು ಮಾಡ್ತಿದ್ವಿ, ಆ ಒಂದು ಹೊತ್ತು ಇಡೀ ವಾರ ದೂಡ್ತಿತ್ತು.

ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಎದ್ದು ಆಫೀಸಿಗೆ ಹೋಗೋಕೇ ಆಗ್ತಿಲ್ಲ ಅನ್ನೋದು ಎರಡು ವಾರ ಮೀರಿದ್ರೆ ಒಬ್ಬರೇ ತಡ್ಕೊಂಡಿರ್ಬೇಡಿ. ಟೆಲಿಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ಬೋದು. ನಮ್ಮ ಕಡೆ ಹುಡುಗರು ಇಂಥದ್ದನ್ನ ಬಾಯಿಬಿಟ್ಟು ಹೇಳೋದೇ ಇಲ್ಲ, ಅವರಿಗಂತಲೇ ಈ ನಂಬರ್ ಬರೆದಿದ್ದು.

ಊರಲ್ಲೇ ನಿಲ್ಲೋರಿಗೆ

ಎಲ್ಲರೂ ಹೊರಗೇ ಹೋಗ್ಬೇಕು ಅಂತೇನಿಲ್ಲ. ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್, ರೆಸಾರ್ಟು, ಹೋಂಸ್ಟೇ, ಸಹಕಾರ ಸಂಘ, ಬ್ಯಾಂಕು, ಶಾಲೆ ಅಂತ ಇಲ್ಲೂ ಕೆಲ್ಸ ಇದೆ, ಸಂಬಳ ಕಮ್ಮಿ ಕಂಡ್ರೂ ಬಾಡಿಗೆ ಊಟ ತೆಗೆದು ನೋಡಿದ್ರೆ ಕೈಯಲ್ಲಿ ಉಳಿಯೋದು ಒಂದೊಂದು ಸಲ ಬೆಂಗಳೂರಿಗಿಂತ ಜಾಸ್ತಿ. ಆದ್ರೆ ಚಿಕ್ಕ ಊರಲ್ಲಿ ಗುರುತಿನವರ ಹತ್ರ ಕೆಲ್ಸಕ್ಕೆ ಸೇರೋವಾಗ ಸಂಬಳ, ಪಿಎಫ್, ವಾರದ ರಜಾ ಇದನ್ನೆಲ್ಲಾ ಕೇಳೋಕೆ ಇನ್ನೂ ಸಂಕೋಚ, ಅಪ್ಪನ ಸ್ನೇಹಿತರಲ್ವಾ ಅಂತ. ಗುರುತಿದ್ದಷ್ಟೂ ಮೊದಲೇ ಕೇಳೋದು ಒಳ್ಳೇದು, ಆಮೇಲೆ ಮನಸ್ತಾಪ ಆದ್ರೆ ಎರಡು ಮನೆಗೂ ತಟ್ಟುತ್ತೆ.

ಸ್ವಂತ ತೋಟದಲ್ಲಿ ನಿಲ್ಲೋರು ಅಪ್ಪನ ಹತ್ರ ಕೇಳ್ಬೇಕಾದ್ದು ಎರಡು. ಯಾವ ಕೆಲ್ಸದ ಜವಾಬ್ದಾರಿ ಪೂರ್ತಿ ನಂದು, ತಿಂಗಳಿಗೆ ನನ್ನ ಕೈಗೆ ಎಷ್ಟು. ಮೆಣಸಿನ ಕೊಯ್ಲು ಮಾರಾಟ ಇಡೀ ನೀನೇ ನೋಡ್ಕೋ ಅಂದ್ರೆ ಅದೊಂದು ಕೆಲ್ಸ ಆಯ್ತು. ಬೇಕಾದಾಗ ಕೇಳಿ ತಗೋ ಅಂದ್ರೆ ಇಪ್ಪತ್ತೈದು ವರ್ಷ ಆದ್ರೂ ಪೆಟ್ರೋಲಿಗೆ ಕೈಚಾಚ್ತಾ ಇರ್ಬೇಕಾಗುತ್ತೆ, ಅದು ಅಪ್ಪಂಗೂ ಇಷ್ಟ ಇರಲ್ಲ.

ಆರು ತಿಂಗಳಾದ ಮೇಲೆ

ಪಿಎಫ್ ನಿಜವಾಗ್ಲೂ ಕಟ್ತಿದಾರಾ ನೋಡಿ. ಸಂಬಳದ ಚೀಟೀಲಿ ಹಿಡಿದಿರ್ತಾರೆ, ಖಾತೆಗೆ ಹೋಗಿರಲ್ಲ, ಅಂಥದ್ದೂ ಇರುತ್ತೆ. ನಿಮಗೆ ಯುಎಎನ್ ಅಂತ ಹನ್ನೆರಡು ಅಂಕಿಯ ನಂಬರ್ ಕೊಟ್ಟಿರ್ತಾರೆ, ಅದು ಜೀವನಪೂರ್ತಿ ಒಂದೇ, ಕೆಲ್ಸ ಬದಲಾಯಿಸಿದ್ರೂ ಹೊಸದು ಮಾಡಿಸ್ಬೇಡಿ. ಖಾತೆಗೆ ಜೋಡಿಸಿರೋ ಮೊಬೈಲಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ರೆ ಎಷ್ಟಿದೆ ಅಂತ ಮೆಸೇಜ್ ಬರುತ್ತೆ. ಮೇಲಿನ ಲೆಕ್ಕದಲ್ಲಿ ಕಂಪನಿಯ 1,500ದಲ್ಲಿ ಬೇಸಿಕ್‌ನ ಶೇ. 8.33ರಷ್ಟು, ಸುಮಾರು 1,041, ಪಿಂಚಣಿಗೆ ಹೋಗುತ್ತೆ, ಹಂಗಾಗಿ ಖಾತೇಲಿ ತಿಂಗಳಿಗೆ ಪೂರ್ತಿ 3,000 ಕಾಣಲ್ಲ, ಸುಮಾರು 1,959 ಕಾಣುತ್ತೆ, ಗಾಬರಿ ಬೇಡ.

ಕೆಲ್ಸ ಬಿಡೋದಾದ್ರೆ ಹೊಸ ಆಫರ್ ಲೆಟರ್ ಕೈಗೆ ಬಂದ ಮೇಲೇ ರಾಜೀನಾಮೆ ಕೊಡಿ, ನೋಟಿಸ್ ಪೂರ್ತಿ ಮುಗಿಸಿ, ಕೊನೇ ದಿನ ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯನ್ಸ್ ಲೆಟರ್, ಕೊನೇ ಮೂರು ತಿಂಗಳ ಸಂಬಳದ ಚೀಟಿ ತಗೊಂಡೇ ಹೊರಗೆ ಬನ್ನಿ. ಆಫೀಸ್ ಮೇಲ್ ಮುಚ್ಚಿದ ಮೇಲೆ ಅವೆಲ್ಲಾ ಸಿಗೋದು ಕಷ್ಟ. ಪಿಎಫ್ ದುಡ್ಡನ್ನ ತೆಗೀದೆ ಹೊಸ ಕಂಪನಿಗೆ ವರ್ಗ ಮಾಡ್ಸಿ, ಹತ್ತು ವರ್ಷ ಸೇವೆ ಕೂಡಿದ್ರೇನೇ ಪಿಂಚಣಿ ಸಿಗೋದು, ಮಧ್ಯ ಪಿಂಚಣಿ ಪಾಲನ್ನೂ ತೆಗೆದ್ರೆ ಆ ಎಣಿಕೆ ಮತ್ತೆ ಸೊನ್ನೆಯಿಂದ.

ಸಂಬಳದಲ್ಲಿ ತೆರಿಗೆ ಹಿಡಿದಿದ್ರೆ ಏಪ್ರಿಲ್ ಆದ್ಮೇಲೆ, ಜೂನ್ ಮಧ್ಯದೊಳಗೆ ಆಫೀಸಿಂದ ಫಾರ್ಮ್ 16 (ವರ್ಷದ ಸಂಬಳ, ಹಿಡಿದ ತೆರಿಗೆ ತೋರಿಸೋ ಕಾಗದ) ಬರ್ಬೇಕು, ಬರ್ದಿದ್ರೆ ಕೇಳಿ ತಗೊಳ್ಳಿ. ತೆರಿಗೆ ಏನೂ ಬೀಳ್ದೇ ಇದ್ರೂ ಆದಾಯ ತೆರಿಗೆ ರಿಟರ್ನ್ ಹಾಕಿ. ನಾಳೆ ಅಪ್ಪನ ಹೆಸರಲ್ಲೋ ನಿಮ್ಮ ಹೆಸರಲ್ಲೋ ಸಾಲಕ್ಕೆ ಹೋದಾಗ ಬ್ಯಾಂಕಿನವರು ಮೊದ್ಲು ಕೇಳೋದು ಅದನ್ನೇ. ಹೇಗೆ ಹಾಕೋದು ಗೊತ್ತಾಗ್ಲಿಲ್ಲ ಅಂದ್ರೆ ಆಫೀಸಿನ ಅಕೌಂಟ್ಸ್‌ನವರ ಹತ್ರ ಮಧ್ಯಾಹ್ನ ಊಟದ ಹೊತ್ತಲ್ಲಿ ಹೋಗಿ ಪಕ್ಕದಲ್ಲಿ ಕೂತು ತೋರಿಸ್ಕೊಡಿ ಅನ್ನಿ, ಜುಲೈ ಕೊನೇ ವಾರದ ನೂಕುನುಗ್ಗಲಿಗಿಂತ ಮುಂಚೆ ಹೋದ್ರೆ ಅರ್ಧ ಗಂಟೇಲಿ ಮುಗಿಸಿ ಕೊಡ್ತಾರೆ.